ದಂಡಿನ ಹಿಂದೆ ನಡೆದ ಎತ್ತುಗಳು

ಗುಂಡ್ಲುಪೇಟೆ, ಚಾಮರಾಜನಗರಗಳ ಹಾದಿಯಲ್ಲಿ ಇಂದು ಲಾರಿಗಳು ಹೊರುವ ಭಾರವನ್ನು ಹಿಂದೆ ಹೇರೆತ್ತುಗಳು ಹೊರುತ್ತಿದ್ದವು. 1790ರಲ್ಲಿ ಟೀಪುವಿನ ದಂಡು ಈ ಸೀಮೆಯಂಚಿನ ಗಜ್ಜಲಹಟ್ಟಿ ಕಣಿವೆಯಿಂದ ಸತ್ಯಮಂಗಲಕ್ಕಿಳಿಯಿತು. ಆ ಯುದ್ಧದ ಗತಿಯನ್ನು ನಿರ್ಧರಿಸಿದ್ದು ಫಿರಂಗಿಯಷ್ಟೇ ಅಲ್ಲ, ದವಸ. 1791ರ ಮೇ ತಿಂಗಳಲ್ಲಿ ಅರಕೆರೆಯಲ್ಲಿ ಗೆದ್ದ ಕಾರ್ನ್‌ವಾಲಿಸನು ಅನ್ನವಿಲ್ಲದೆ, ಎತ್ತುಗಳನ್ನು ಕಳೆದುಕೊಂಡು, ತನ್ನ ಹಿರಿಯ ಫಿರಂಗಿಗಳನ್ನು ತಾನೇ ಒಡೆದುಹಾಕಿ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದನು.

1792ರಲ್ಲಿ ಅವನು ಮರಳಿ ಬಂದಾಗ ಅವನ ದಂಡಿಗೆ ಉಣಿಸಿದವರಲ್ಲಿ ಇಂಗ್ಲಿಷರು ಬ್ರಿಂಜಾರಿಗಳೆಂದು ಕರೆದ ಲಂಬಾಣಿಗಳು ಪ್ರಮುಖರು. ಸಂಬಳದ ಸಿಪಾಯಿಗಳಲ್ಲ, ವರ್ತಕರು; ಗುತ್ತಿಗೆದಾರರೆಂದರೂ ಸಲ್ಲುತ್ತದೆ. ಸ್ವಂತ ಎತ್ತುಗಳ ಮೇಲೆ ದವಸ ಹೇರಿ, ಹೆಂಡಿರು ಮಕ್ಕಳೊಡನೆ ನಡೆದು, ಪಾಳೆಯದ ಪೇಟೆಯಲ್ಲಿ ಮಾರುತ್ತಿದ್ದರು. ಬೆಲೆಯೇರಿದರೆ ಲಾಭ ಅವರದು. ಎತ್ತು ಸತ್ತರೆ ನಷ್ಟವೂ ಅವರದೇ. 1799ರಲ್ಲಿ ಹ್ಯಾರಿಸನ ದಂಡಿನ ಬೆನ್ನಿಗಿದ್ದವರೂ ಇವರೇ. ಮುಂದೆ ರೈಲು ಬಂದು ಈ ಕಸುಬನ್ನು ಕಸಿದುಕೊಂಡಿತು.