ಆಷಾಢದ ಸೇಬು: ಮನೆಗೂ ಕೊಟ್ಟಿಗೆಗೂ ಒಂದು ಮಾತು

ಕಳೆದ ಆಷಾಢದಲ್ಲಿ ಅಬ್ಬಿಗೆರೆಯ ಒಬ್ಬ ಅಕ್ಕ, ಸಂಜೆ ಡೇರಿಗೆ ಹಾಲು ಹಾಕಿ ಬಂದವರೇ ಫೋನ್ ಮಾಡಿದರು. "ಡಾಕ್ಟ್ರೇ, ಹಸು ಕತ್ತು ಚಾಚ್ಕೊಂಡು ನಿಂತಿದೆ, ಜೊಲ್ಲು ಸುರೀತಾ ಇದೆ, ಎಡಗಡೆ ಹೊಟ್ಟೆ ಉಬ್ತಾ ಇದೆ." ಹೋಗಿ ನೋಡಿದರೆ ಗಂಟಲಲ್ಲಿ ಇಡೀ ಸೇಬು! ತಳ್ಳುಗಾಡಿಯಲ್ಲಿ ಅಗ್ಗವೆಂದು ಐದು ಕೆಜಿ ತಂದಿದ್ದರು. ವಾರದಲ್ಲೇ ಹಾಳಾಗತೊಡಗಿತು. ಬಿಸಾಡಲು ಮನಸ್ಸಾಗದೆ ಕಲಗಚ್ಚಿನ ಬಾನಿಗೆ ಸುರಿದಿದ್ದರು. ಪುಣ್ಯಕ್ಕೆ ಹಣ್ಣು ಮೇಲೆಯೇ ಸಿಕ್ಕಿಕೊಂಡಿತ್ತು, ಹೊರಗಿನಿಂದ ಒತ್ತಿ ಬಾಯಿಗೆ ತಂದು ತೆಗೆದೆ.

ಸೇಬು ತಿಂಗಳುಗಟ್ಟಲೆ ಇರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಆ ಮಾತು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ಯುವ ಹಣ್ಣಿಗೆ ಸರಿ. ಜೂನ್ ಕೊನೆಯಿಂದ ಜುಲೈವರೆಗೆ ಹಿಮಾಚಲದಿಂದ ಬರುವ ಟೈಡ್‌ಮನ್, ರೆಡ್ ಜೂನ್‌ನಂಥ ಮುಂಗಡ ತಳಿಗಳು ಬೇಗ ಮಾಗುತ್ತವೆ, ಬೇಗ ಹಿಟ್ಟುಹಿಟ್ಟಾಗುತ್ತವೆ. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಬಂಗಲೆ ತೋಟಗಳಲ್ಲೇ ರೋಮ್ ಬ್ಯೂಟಿ ಸೇಬು ಬೆಳೆಯುತ್ತಿತ್ತು. ಈಗ ನಮಗೆ ಸಿಗುವುದು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಲಾರಿಯಲ್ಲಿ ಕುಲುಕಾಡಿ ಬಂದ ಹಣ್ಣು.

ಹಾಗಾಗಿ ಈ ತಿಂಗಳು ಒಂದೆರಡು ಕೆಜಿಗಿಂತ ಹೆಚ್ಚು ತರಬೇಡಿ. ತಂದ ದಿನವೇ ಒಂದೊಂದನ್ನೂ ಒತ್ತಿ ನೋಡಿ, ಪೆಟ್ಟು ಬಿದ್ದದ್ದನ್ನು ಮೊದಲು ತಿನ್ನಿ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಕೊಳೆಯುತ್ತಿರುವ ಒಂದು ಹಣ್ಣು ಪಕ್ಕದವನ್ನೆಲ್ಲ ಬೇಗ ಮಾಗಿಸುತ್ತದೆ. ಉಳಿದದ್ದನ್ನು ತೊಳೆಯದೆ, ತೂತಿರುವ ಕವರಿನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ತಿನ್ನುವಾಗ ತೊಳೆದರಾಯಿತು. ಅದರ ಜೊತೆಯಲ್ಲೇ ಸೊಪ್ಪು ಇಟ್ಟರೆ ಹಳದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಫ್ರಿಜ್ ಇಲ್ಲದವರು ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ತಂಪಾದ ಮೂಲೆಯಲ್ಲಿ ಒಂದರ ಮೇಲೊಂದು ಬೀಳದಂತೆ ಜೋಡಿಸಿ, ದಿನಾ ಕಣ್ಣಾಡಿಸಿ.

ಇನ್ನು ಕೊಟ್ಟಿಗೆಯ ಮಾತು. ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ದುಂಡನೆಯ ಹಣ್ಣನ್ನು ಹಾಗೇ ನುಂಗಲು ನೋಡುತ್ತದೆ. ಕೊಡಲೇಬೇಕೆಂದರೆ ತೆಳ್ಳಗೆ ಹೆಚ್ಚಿ, ದಿನಕ್ಕೆ ಒಂದೆರಡು ಕೆಜಿ ಮೀರದಂತೆ, ಒಣಹುಲ್ಲು ತಿಂದ ಮೇಲೆ ಕೊಡಿ. ಬುಟ್ಟಿಗಟ್ಟಲೆ ಸುರಿದರೆ ಅದರ ಸಕ್ಕರೆ ಹೊಟ್ಟೆಯಲ್ಲಿ ಹುಳಿಯಾಗಿ ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗುತ್ತದೆ, ಹಾಲು ಇಳಿಯುತ್ತದೆ. ಬೂಷ್ಟು ಹಿಡಿದದ್ದು ನಿಮಗೂ ಬೇಡ, ಹಸುವಿಗೂ ಬೇಡ, ತಿಪ್ಪೆಗೆ ಹಾಕಿ. ಹಣ್ಣಿಗೆ ತೊಡಿಸಿರುವ ಬಿಳಿ ಬಲೆಯಂಥ ಸ್ಪಂಜು ಬಾನಿಗೆ ಬಿದ್ದೀತು, ಜೋಕೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ.

ಆ ಅಕ್ಕನ ಮನೆಯಲ್ಲಿ ನಾನು ತಲುಪುವಷ್ಟರಲ್ಲಿ ಪಕ್ಕದವರು ಎಣ್ಣೆ ಕುಡಿಸಲು ಗೊಟ್ಟ ಹಿಡಿದು ನಿಂತಿದ್ದರು. ಎಣ್ಣೆ, ನೀರು ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಕೋಲಿನಿಂದ ತಳ್ಳಿದರೆ ಅನ್ನನಾಳ ಹರಿಯುತ್ತದೆ. ಮೇವು ನೀರು ತೆಗೆದು, ಹಸು ತಲೆ ತಗ್ಗಿಸಲು ಬಿಟ್ಟು, ಕೂಡಲೇ ಹತ್ತಿರದ ಪಶು ಆಸ್ಪತ್ರೆಗೋ 1962ಕ್ಕೋ ಕರೆ ಮಾಡಿ. ತೇಗು ಹೊರಬರದೆ ಹೊಟ್ಟೆ ಉಬ್ಬುತ್ತಿರುವ ಹಸುವಿಗೆ ಬೆಳಗಿನವರೆಗೆ ಸಮಯವಿರುವುದಿಲ್ಲ.