ಆಸ್ಕರ್ ನಟನೆ ಪ್ರಶಸ್ತಿಯನ್ನು ಮೊದಲೇ ಊಹಿಸೋದು ಹೇಗೆ?

ಆಸ್ಕರ್ ಸೀಸನ್ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಕೆಲವರು ಐಪಿಎಲ್‌ಗಿಂತ ಮುಂಚೆಯೇ ಬೆಟ್ ಕಟ್ಟೋಕೆ ಶುರು ಮಾಡ್ತೀವಿ. ದುಡ್ಡಲ್ಲ, ಮಸಾಲೆ ದೋಸೆ. ಯಾರು ಚೆನ್ನಾಗಿ ನಟಿಸಿದ್ದಾರೆ ಅನ್ನೋದು ಒಂದು ಪ್ರಶ್ನೆ, ಪ್ರಶಸ್ತಿ ಯಾರಿಗೆ ಹೋಗುತ್ತೆ ಅನ್ನೋದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಸಿನಿಮಾ ನೋಡಿದರೆ ಸಾಕು. ಎರಡನೆಯದಕ್ಕೆ ಮತ ಹಾಕುವವರನ್ನು ನೋಡಬೇಕು.

ಮೊದಲು ಮತದಾನದ ಲೆಕ್ಕ. ನಟನೆಯ ನಾಲ್ಕು ವಿಭಾಗಗಳಿಗೆ ಐದೈದು ಹೆಸರುಗಳನ್ನು ಆರಿಸುವವರು ಅಕಾಡೆಮಿಯ ನಟರ ಶಾಖೆಯವರು ಮಾತ್ರ. ಆದರೆ ಅಂತಿಮ ಸುತ್ತಿನಲ್ಲಿ ಸೌಂಡ್ ಎಂಜಿನಿಯರ್, ಎಡಿಟರ್, ನಿರ್ಮಾಪಕರು ಎಲ್ಲ ಸೇರಿ ಸುಮಾರು 10,000 ಸದಸ್ಯರು ಮತ ಹಾಕಬಹುದು. ಅಲ್ಲಿ ಒಬ್ಬರಿಗೆ ಒಂದೇ ಟಿಕ್, ಯಾರಿಗೆ ಹೆಚ್ಚೋ ಅವರು ಗೆದ್ದರು. ನಮ್ಮ ಎಂಎಲ್‌ಎ ಎಲೆಕ್ಷನ್ ಥರಾನೇ. ಸರಿಯಾಗಿ 10,000 ಮತ ಬಿತ್ತು ಅಂತಿಟ್ಟುಕೊಳ್ಳಿ: 2001, 2000, 2000, 2000, 1999 ಅಂತ ಹಂಚಿಹೋದರೂ 2001 ಪಡೆದವರು 'ಜಗತ್ತಿನ ಅತ್ಯುತ್ತಮ ನಟ'. ನೂರಕ್ಕೆ ಎಂಬತ್ತು ಜನ ಬೇರೆಯವರನ್ನು ಬಯಸಿದ್ದರೂ ಅಷ್ಟೇ. ಅಕಾಡೆಮಿ ಮತಗಳ ಸಂಖ್ಯೆಯನ್ನು ಹೊರಗೆ ಬಿಡೋದಿಲ್ಲ, ಹಾಗಾಗಿ ಎಷ್ಟು ಅಂತರದಲ್ಲಿ ಗೆದ್ದರು ಅಂತ ನಮಗೆ ಗೊತ್ತಾಗಲ್ಲ. 1969ರಲ್ಲಿ ಕ್ಯಾಥರೀನ್ ಹೆಪ್‌ಬರ್ನ್ ಮತ್ತು ಬಾರ್ಬ್ರಾ ಸ್ಟ್ರೈಸೆಂಡ್ ಸಮ ಸಮ ಬಂದು ಇಬ್ಬರೂ ಗೆದ್ದರು, ಅದೊಂದು ಸಲ ಅಂತರ ಸೊನ್ನೆ ಅಂತ ಎಲ್ಲರಿಗೂ ತಿಳೀತು.

ಈಗ ಸುಳಿವುಗಳು. ಆಸ್ಕರ್‌ಗೆ ಮುಂಚೆ ಬರುವ ದೊಡ್ಡ ಪ್ರಶಸ್ತಿಗಳು ನಾಲ್ಕು: ಗೋಲ್ಡನ್ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್, ಅಮೆರಿಕದ ನಟರ ಸಂಘದ ಸ್ಯಾಗ್, ಬ್ರಿಟನ್ನಿನ ಬಾಫ್ಟಾ. 2020ರಲ್ಲಿ ವಾಕಿನ್ ಫೀನಿಕ್ಸ್, ರೆನೆ ಜೆಲ್ವೆಗರ್, ಬ್ರಾಡ್ ಪಿಟ್, ಲಾರಾ ಡರ್ನ್ ನಾಲ್ವರೂ ಈ ನಾಲ್ಕನ್ನೂ ಗೆದ್ದು, ಆಸ್ಕರ್ ಕೂಡ ಗೆದ್ದರು. ಅಂಥ ವರ್ಷ ಬೆಟ್ ಕಟ್ಟೋದೇ ವೇಸ್ಟ್.

ಮಜಾ ಇರೋದು ನಾಲ್ಕೂ ಒಂದೇ ಕಡೆ ಹೋಗದಿದ್ದಾಗ. ತುಂಬಾ ಜನ ಆಗ ಎಣಿಸ್ತಾರೆ: ಮೂರು ಇವರಿಗೆ, ಒಂದು ಅವರಿಗೆ, ಅಂದ್ರೆ ಇವರೇ. ಆದರೆ 2019ರಲ್ಲಿ ಗ್ಲೆನ್ ಕ್ಲೋಸ್‌ಗೆ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್ (ಅದನ್ನ ಲೇಡಿ ಗಾಗಾ ಜತೆ ಹಂಚಿಕೊಂಡರು), ಸ್ಯಾಗ್ ಮೂರೂ ಬಂತು. ಬಾಫ್ಟಾ ಒಲಿವಿಯಾ ಕೋಲ್ಮನ್‌ಗೆ. ಆಸ್ಕರ್ ಕೋಲ್ಮನ್‌ಗೇ ಹೋಯ್ತು. 2025ರಲ್ಲಿ ಡೆಮಿ ಮೂರ್‌ಗೆ ಅದೇ ಮೂರು, ಮೈಕಿ ಮ್ಯಾಡಿಸನ್‌ಗೆ ಬಾಫ್ಟಾ ಒಂದೇ. ಗೆದ್ದಿದ್ದು ಮ್ಯಾಡಿಸನ್.

ಕಾರಣ ಸುಲಭ. ಗ್ಲೋಬ್‌ಗೆ ಮತ ಹಾಕೋರು ಪತ್ರಕರ್ತರು, ಕ್ರಿಟಿಕ್ಸ್ ಚಾಯ್ಸ್‌ಗೆ ವಿಮರ್ಶಕರು. ಇವರಿಗೆ ಆಸ್ಕರ್‌ನಲ್ಲಿ ಓಟೇ ಇಲ್ಲ. ಅವರು ಗಾಳಿ ಎಬ್ಬಿಸಬಹುದು ಅಷ್ಟೇ. ಸ್ಯಾಗ್‌ಗೆ ಒಂದು ಲಕ್ಷಕ್ಕೂ ಹೆಚ್ಚು ನಟರು ಮತ ಹಾಕಬಹುದು. ಅದರಲ್ಲಿ ಅಕಾಡೆಮಿಯಲ್ಲೂ ಇರೋರು ಸಣ್ಣ ಪಾಲು. ಬಾಫ್ಟಾದಲ್ಲಿ ನಟರ ಜತೆ ತಂತ್ರಜ್ಞರೂ ಇದ್ದಾರೆ, ಅಕಾಡೆಮಿಯ ಹಾಗೆಯೇ. ಆದ್ದರಿಂದ ನಾಲ್ಕನ್ನೂ ಒಂದೇ ತೂಕದಲ್ಲಿ ಕೂಡಿಸೋದು ಲ್ಯಾಬ್ ಇಂಟರ್ನಲ್ಸ್‌ಗೂ ಸೆಮಿಸ್ಟರ್ ಪರೀಕ್ಷೆಗೂ ಒಂದೇ ಕ್ರೆಡಿಟ್ ಕೊಟ್ಟಂಗೆ.

ಈ 'ಎಣಿಸೋ' ಲೆಕ್ಕ ಎಷ್ಟು ನೋವು ಕೊಡಬಹುದು ಅನ್ನೋದಕ್ಕೆ 2021 ಸಾಕ್ಷಿ. ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು, ಬರೀ 43 ವರ್ಷ. ಅವರ ಕೊನೆಯ ಸಿನಿಮಾಗೆ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್, ಸ್ಯಾಗ್ ಮೂರೂ ಬಂದಿತ್ತು. ಒಂದು ವಾರದ ನಂತರ ಬಾಫ್ಟಾ 'ದಿ ಫಾದರ್' ಚಿತ್ರದ ಆಂಟನಿ ಹಾಪ್ಕಿನ್ಸ್‌ಗೆ ಹೋಯ್ತು. ಸಾಮಾನ್ಯವಾಗಿ ಕೊನೆಗೆ ಕೊಡುವ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಆ ವರ್ಷ ಮೊದಲೇ ಕೊಟ್ಟು, ಅತ್ಯುತ್ತಮ ನಟನನ್ನು ಕೊನೆಗೆ ಇಟ್ಟರು. ಬೋಸ್‌ಮನ್ ಹೆಸರಿನೊಂದಿಗೆ ರಾತ್ರಿ ಮುಗಿಯುತ್ತೆ ಅಂತ ನೋಡುವವರೆಲ್ಲ ಕಾದರು. ಲಕೋಟೆಯಲ್ಲಿ ಹಾಪ್ಕಿನ್ಸ್ ಹೆಸರಿತ್ತು. 83 ವರ್ಷದ ಅವರು ವೇಲ್ಸ್‌ನಲ್ಲಿದ್ದರು, ಸಮಾರಂಭಕ್ಕೆ ಬಂದಿರಲಿಲ್ಲ. ಭಾಷಣ ಇಲ್ಲ, ಚಪ್ಪಾಳೆ ಸರಿಯಾಗಿ ಇಲ್ಲ, ಶೋ ಮುಗೀತು. ಮರುದಿನ ಹಾಪ್ಕಿನ್ಸ್ ಒಂದು ವಿಡಿಯೋದಲ್ಲಿ ಬೋಸ್‌ಮನ್‌ಗೆ ಗೌರವ ಸಲ್ಲಿಸಿದರು. ಅವರದ್ದೇನೂ ತಪ್ಪಿಲ್ಲ. ಮರೆವಿನ ಕಾಯಿಲೆಯ ಮುದುಕನಾಗಿ ಅವರು ಮಾಡಿದ್ದನ್ನು ನೋಡಿ ನಮ್ಮಲ್ಲಿ ಇಬ್ಬರು ಊರಿಗೆ ಫೋನ್ ಮಾಡಿ ಅಜ್ಜನ ಜತೆ ಮಾತಾಡಿದರು. ಆದರೂ ಆ ರಾತ್ರಿ ಅವರ ಗೆಲುವು ಕಳ್ಳತನದಂತೆ ಕಾಣಿಸಿತು. ನಟನೆಗೂ ಅದಕ್ಕೂ ಸಂಬಂಧ ಇಲ್ಲ, ಜನ ಮೊದಲೇ ಊಹಿಸಿ ಕೂತಿದ್ದರಿಂದ ಹಾಗಾಯ್ತು.

ಹಾಗಾದರೆ ಬಾಫ್ಟಾ ನೋಡಿ ಹೇಳಿಬಿಡೋಣ ಅಂದ್ರೆ ಅದೂ ನಡೆಯಲ್ಲ. 2022ರಲ್ಲಿ ಆಸ್ಕರ್‌ನ ಐದು ನಾಯಕಿಯರಲ್ಲಿ ಒಬ್ಬರೂ ಬಾಫ್ಟಾ ಪಟ್ಟಿಯಲ್ಲಿ ಇರಲಿಲ್ಲ! 2023ರಲ್ಲಿ ಬಾಫ್ಟಾ ಕೇಟ್ ಬ್ಲಾಂಚೆಟ್‌ಗೆ, ಆಸ್ಕರ್ ಮಿಶೆಲ್ ಯೋ‌ಗೆ. ಅದೇ ವರ್ಷ ಪೋಷಕ ನಟಿ ವಿಭಾಗದಲ್ಲಿ ಸ್ಯಾಗ್ ಒಂದನ್ನೇ ಹಿಡಿದುಕೊಂಡು ಜೇಮೀ ಲೀ ಕರ್ಟಿಸ್ ಗೆದ್ದರು.

ಇಲ್ಲಿ ಇನ್ನೊಂದು ಅಂಶ ಕೆಲಸ ಮಾಡಿದೆ ಅಂತ ನಮ್ಮ ಲೆಕ್ಕ: ಸಿನಿಮಾದ ಮೇಲಿನ ಒಟ್ಟಾರೆ ಪ್ರೀತಿ. ಯೋ ಮತ್ತು ಕರ್ಟಿಸ್ ಇಬ್ಬರದ್ದೂ ಒಂದೇ ಸಿನಿಮಾ, ಅದು ಆ ರಾತ್ರಿ ಏಳು ಆಸ್ಕರ್ ಬಾಚಿತು. ಮ್ಯಾಡಿಸನ್‌ರ 'ಅನೋರಾ' ಅತ್ಯುತ್ತಮ ಚಿತ್ರ. ಕೋಲ್ಮನ್‌ರ 'ದಿ ಫೇವರಿಟ್' ಹತ್ತು ನಾಮಿನೇಷನ್ ಪಡೆದಿತ್ತು. ಕ್ಲೋಸ್‌ರ 'ದಿ ವೈಫ್'ಗೆ ಇದ್ದಿದ್ದು ಅವರದ್ದೊಂದೇ. ಎಡಿಟರ್ ಒಬ್ಬರು ತಮಗೆ ಇಷ್ಟವಾದ ಸಿನಿಮಾದ ಪಕ್ಕ ಟಿಕ್ ಹಾಕ್ತಾ ಹೋದರೆ ನಟಿಗೂ ಒಂದು ಬೀಳುತ್ತೆ. ಇದಕ್ಕೂ ಅಪವಾದ ಇದೆ: ಬ್ರೆಂಡನ್ ಫ್ರೇಸರ್‌ರ 'ದಿ ವೇಲ್' ಅತ್ಯುತ್ತಮ ಚಿತ್ರದ ಪಟ್ಟಿಯಲ್ಲೇ ಇರಲಿಲ್ಲ, ಅವರು ಗೆದ್ದರು.

ಕೋಡ್ ಬರೆದು ಮಾಡೆಲ್ ಮಾಡೋಣ ಅನ್ನೋ ಎಐ ಬ್ರಾಂಚ್ ಗೆಳೆಯರಿಗೆ ಒಂದು ಮಾತು. ಸ್ಯಾಗ್ ಶುರುವಾಗಿದ್ದೇ 1995ರಲ್ಲಿ. ಬಾಫ್ಟಾ ಆಸ್ಕರ್‌ಗಿಂತ ಮುಂಚೆ ನಡೆಯೋಕೆ ಶುರುವಾಗಿದ್ದು 2001ರಿಂದ. ಒಂದು ವಿಭಾಗಕ್ಕೆ ಮೂವತ್ತು ರೋ ಕೂಡ ಸಿಗೋದು ಕಷ್ಟ. ಅದಕ್ಕೆ ಹದಿನೈದು ಫೀಚರ್ ಹಾಕಿದರೆ ಹಳೇ ವರ್ಷ ಎಲ್ಲ ಕರೆಕ್ಟ್ ಬರುತ್ತೆ, ಮುಂದಿನ ವರ್ಷ ಢಮಾರ್.

ನಮ್ಮ ರಾಷ್ಟ್ರಪ್ರಶಸ್ತಿಗೆ ಈ ಯಾವ ವಿದ್ಯೆಯೂ ನಡೆಯಲ್ಲ. ಅಲ್ಲಿ ನಾಮಿನೇಷನ್ ಪಟ್ಟಿ ಇಲ್ಲ, ಸಾವಿರಾರು ಮತದಾರರಿಲ್ಲ. ಕೆಲವೇ ಜನರ ಜ್ಯೂರಿ ಕೂತು ಸಿನಿಮಾ ನೋಡಿ ನಿರ್ಧರಿಸುತ್ತೆ. 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್ 2015ರ ಮಾರ್ಚ್‌ನಲ್ಲಿ ಅತ್ಯುತ್ತಮ ನಟ ಆದಾಗ ಆ ಸಿನಿಮಾ ಥಿಯೇಟರ್‌ಗೇ ಬಂದಿರಲಿಲ್ಲ. ಯಾರೂ ಬೆಟ್ ಕಟ್ಟಿರೋಕೆ ಸಾಧ್ಯವೇ ಇರಲಿಲ್ಲ. ನಮಗಂತೂ ಆ ಥರದ ಪ್ರಶಸ್ತಿ ಜಾಸ್ತಿ ಇಷ್ಟ, ದೋಸೆ ಸಿಗದಿದ್ದರೂ.

ಆಸ್ಕರ್‌ನವರೂ 2025ರ ಏಪ್ರಿಲ್‌ನಲ್ಲಿ ಒಂದು ಹೊಸ ನಿಯಮ ಪ್ರಕಟಿಸಿದ್ದಾರೆ: ಒಂದು ವಿಭಾಗದ ಎಲ್ಲ ಸಿನಿಮಾಗಳನ್ನೂ ನೋಡಿದ ಸದಸ್ಯರಿಗೆ ಮಾತ್ರ ಆ ವಿಭಾಗದಲ್ಲಿ ಅಂತಿಮ ಮತ. ಇಷ್ಟು ವರ್ಷ ಅದು ಕಡ್ಡಾಯ ಇರಲಿಲ್ಲ ಅನ್ನೋದೇ ನಮಗೆ ಆಶ್ಚರ್ಯ. 'ದಿ ವೈಫ್' ಥರ ಒಂದೇ ನಾಮಿನೇಷನ್ ಇರುವ ಸಣ್ಣ ಸಿನಿಮಾಗಳನ್ನೂ ಇನ್ಮೇಲೆ ಎಲ್ಲರೂ ನೋಡಲೇಬೇಕು. ನಮ್ಮ ಶೀಟ್‌ನಲ್ಲಿ 'ಒಟ್ಟಾರೆ ಪ್ರೀತಿ' ಕಾಲಂನ ತೂಕ ಸ್ವಲ್ಪ ಇಳಿಸಿದ್ದೀವಿ.