ಬೀಗದಾಚೆಯ ಕಾವಲು

ಬಾಗಿಲಿನ ಬೀಗವಾಗಲಿ ಕಿಟಕಿಯ ಸರಳಾಗಲಿ ಕಳ್ಳನನ್ನು ಪೂರ್ತಿಯಾಗಿ ತಡೆಯಲಾರವು. ಅವನು ಒಳನುಗ್ಗಲು ಬೇಕಾದ ಸಮಯವನ್ನು ಹೆಚ್ಚಿಸುವುದಷ್ಟೇ ಅವುಗಳ ಕೆಲಸ, ಆ ಸಮಯದಲ್ಲಿ ಯಾರಾದರೂ ಕಂಡು ಕೂಗಿದರೆ ಮಾತ್ರ ಮನೆ ಉಳಿಯುತ್ತದೆ. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹೀಗೆ ಕಣ್ಣಿಡುವ ಹೊಣೆ ಆಯಗಾರರಲ್ಲಿ, ಎಂದರೆ ಊರಿನ ಸೇವೆಗೆ ಪ್ರತಿಯಾಗಿ ಬೆಳೆಯ ಪಾಲನ್ನೋ ಭೂಮಿಯನ್ನೋ ಪಡೆಯುತ್ತಿದ್ದವರಲ್ಲಿ, ಒಬ್ಬನಾದ ತಳವಾರನದಾಗಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದುಪಡಿಸಿದ ಮೇಲೆ ಆ ಹೊಣೆ ಪೊಲೀಸರ ಮೇಲೂ ನೆರೆಹೊರೆಯ ಮೇಲೂ ಉಳಿದಿದೆ.

ಇದೇ ಸೀಮೆಯ ತುಮಕೂರು ನಗರ ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿದ್ದು, ದಿನವೂ ಬೆಂಗಳೂರಿಗೆ ರೈಲು, ಬಸ್ಸುಗಳಲ್ಲಿ ಹೋಗಿಬರುವ ನೌಕರರ ಎಷ್ಟೋ ಮನೆಗಳು ಹಗಲೆಲ್ಲ ಬೀಗ ಹಾಕಿಕೊಂಡಿರುತ್ತವೆ. ಹೊಸ ಬಡಾವಣೆಗಳಲ್ಲಿ ಪಕ್ಕದ ನಿವೇಶನ ಖಾಲಿಯಿದ್ದರೆ ಹಿತ್ತಿಲ ಬಾಗಿಲು ಯಾರ ಕಣ್ಣಿಗೂ ಬೀಳುವುದಿಲ್ಲ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ತೆಂಗು, ಅಡಿಕೆ ತೋಟದ ಮನೆಗಳ ಪಾಡು ಬೇರೆ: ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆ ಇಲ್ಲದಿರುವುದರಿಂದ ಅಲ್ಲಿ ನಾಯಿ, ಅಂಗಳದ ದೀಪ, ಕೈಗೆಟಕುವ ಫೋನುಗಳೇ ಕಾವಲಾಗಬೇಕಾಗುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ವಾಸದ ಮನೆಯಲ್ಲಿನ ಕಳವಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಕಳವಿಗಾಗಿ ಮನೆ ಒಡೆದರೆ 331ನೇ ಕಲಮಿನ ಪ್ರಕಾರ ಹಗಲಿನಲ್ಲಿ 10 ವರ್ಷ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ 14 ವರ್ಷಗಳವರೆಗೂ ಶಿಕ್ಷೆಯಾಗಬಹುದು. ಗೋಡೆಗೆ ಕನ್ನ ಕೊರೆಯುವುದಷ್ಟೇ ಅಲ್ಲ, ಕಳವಿಗಾಗಿ ಬೀಗ ತೆರೆದು ಅಥವಾ ಗೋಡೆ ಹತ್ತಿ ಒಳಹೊಗುವುದೂ ಕಾನೂನಿನ ದೃಷ್ಟಿಯಲ್ಲಿ ಮನೆ ಒಡೆದಂತೆಯೇ.

ಹೊರಗೆ ತೂಗುವ ಬೀಗ, ಗೇಟಿನ ಬಳಿ ಬಿದ್ದಿರುವ ಪತ್ರಿಕೆಗಳು, ರಂಗೋಲಿಯಿಲ್ಲದ ಅಂಗಳ, ಹಗಲಲ್ಲೂ ಉರಿಯುವ ದೀಪ ಇವೆಲ್ಲ ಮನೆಯವರಿಲ್ಲವೆಂಬುದನ್ನು ಸಾರುತ್ತವೆ. ಆದ್ದರಿಂದ ಬಾಗಿಲಿನೊಳಗೇ ಅಡಗುವ ಬೀಗವನ್ನು ಬಳಸುವುದು, ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಹಾಕುವುದು, ಕೀಲಿಯನ್ನು ಹೂಕುಂಡದಡಿಯಲ್ಲೋ ಮೀಟರ್ ಪೆಟ್ಟಿಗೆಯಲ್ಲೋ ಇಡದೆ ನಂಬಿದವರ ಕೈಗೆ ಕೊಡುವುದು ಲೇಸು. ಸಿಸಿಟಿವಿ ಇದ್ದರೆ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನು ಬಚ್ಚಿಡಬೇಕು, ಏಕೆಂದರೆ ಕಳ್ಳರು ಅದನ್ನೂ ಹೊತ್ತೊಯ್ಯುವುದುಂಟು. ಒಡವೆಗಳಿಗೆ ಬೀರುವಿಗಿಂತ ಬ್ಯಾಂಕ್ ಲಾಕರ್ ಸುರಕ್ಷಿತವಾದರೂ, 2022ರ ಜನವರಿಯಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ ಅಲ್ಲಿ ಕಳವಾದಾಗ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತವೆಂಬುದನ್ನು ಅರಿತಿರಬೇಕು.

ಸಿದ್ಧಗಂಗೆಯ ಜಾತ್ರೆಗೋ ಮದುವೆಗೋ ಮನೆಮಂದಿಯೆಲ್ಲ ಹೊರಡುವಾಗ ಪಕ್ಕದ ಮನೆಯವರಿಗೂ ಬೀಟ್ ಪೊಲೀಸರಿಗೂ ತಿಳಿಸುವುದು ಅಗತ್ಯ. ಬೀಟ್ ಎಂದರೆ ಠಾಣೆಯ ವ್ಯಾಪ್ತಿಯನ್ನು ಸಣ್ಣ ಭಾಗಗಳಾಗಿ ಹಂಚಿ ಸಿಬ್ಬಂದಿಗೆ ವಹಿಸುವ ಕ್ರಮ. ರಾಜ್ಯದಲ್ಲಿ 2025ರಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಆ ಸಿಬ್ಬಂದಿಯನ್ನು ಮನೆಬಾಗಿಲಿಗೇ ಕಳುಹಿಸುವ ಪ್ರಯತ್ನ. ಬೀದಿಯವರೆಲ್ಲ ಬೀಟ್ ಸಿಬ್ಬಂದಿಯ ಹೆಸರು, ಫೋನ್ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಅಪರಿಚಿತ ವಾಹನ ಸುಳಿದಾಡಿದರೆ ಅದರ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬಹುದು. ಆದರೆ ಬರಿಯ ಅನುಮಾನದಿಂದ ಯಾರನ್ನಾದರೂ ಹಿಡಿದು ಥಳಿಸುವುದು ಸ್ವತಃ ಅಪರಾಧ.

ಕಳವಾಗಿರುವುದು ಕಂಡೊಡನೆ ಒಳಹೋಗದೆ, ಬೆರಳಚ್ಚು ಅಳಿಸದಂತೆ ಯಾವುದನ್ನೂ ಮುಟ್ಟದೆ 112ಕ್ಕೆ ಕರೆಮಾಡಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಒಡವೆಗಳ ರಸೀದಿ, ತೂಕ, ಛಾಯಾಚಿತ್ರಗಳನ್ನು ಮೊದಲೇ ಕಾಪಿಟ್ಟವರಿಗೆ, ಮಾಲು ಪತ್ತೆಯಾದಾಗ ಅದು ತಮ್ಮದೆಂದು ನ್ಯಾಯಾಲಯದಲ್ಲಿ ತೋರಿಸಿಕೊಡುವುದು ಸುಲಭವಾಗುತ್ತದೆ.